ಪುಸ್ತಕದಂಗಡಿಯವರು ಕೇಳಿದ ಸಾಲಿಯ ಹೆಸರು

ಮಾತು ತಡವರಿಸುತ್ತದೆಂದು ತರಗತಿಯವರು ನಕ್ಕಿದ್ದಕ್ಕೆ ಮಗಳು ಶಾಲೆ ಬಿಟ್ಟಿದ್ದಳು. ಒಂದು ವರ್ಷ ಮನೆಯಲ್ಲೇ ಕಲಿಸಿದ್ದೆ. ಐದನೆಯ ತರಗತಿಯನ್ನೂ ನಾನೇ ಕಲಿಸುವುದೆಂದು ಮನಸ್ಸು ಗಟ್ಟಿಮಾಡಿ, ಪುಸ್ತಕ ಕೊಳ್ಳಲು ಅವಳೊಂದಿಗೆ ತೇರದಾಳದಿಂದ ಜಮಖಂಡಿಗೆ ಬಂದೆ.

"ಯಾವ ಸಾಲಿರಿ? ಹೆಸರು ಬರೀದ ಸೆಟ್ ಕೊಡಾಂಗಿಲ್ರಿ," ಎಂದರು ಅಂಗಡಿಯ ಮುದುಕರು.

"ಮನ್ಯಾಗ ನಾನs ಕಲಸ್ತೇನ್ರಿ."

"ಆದ್ರೂ ಒಂದು ಹೆಸರು ಬೇಕಲ್ರಿ ಯವ್ವಾ."

ನಾನು ಬಾಯಿ ತೆರೆಯುವ ಮೊದಲೇ ಮಗಳು, "ಅ... ಅ... ಅವ್ವನ ಸಾಲಿ," ಎಂದಳು. ಹೊರಗಿನವರ ಮುಂದೆ ಅವಳು ಮಾತಾಡಿ ವರ್ಷವಾಗಿತ್ತು. ಮುದುಕರು ನಗಲಿಲ್ಲ, ಪೂರ್ತಿ ಕೇಳಿಸಿಕೊಂಡು ರಸೀದಿಯಲ್ಲಿ ಹಾಗೇ ಬರೆದರು. "ಹೆಡ್‌ಮಾಸ್ತರ ಸಹಿ ಬೇಕ್ರಿ," ಎಂದು ಪೆನ್ನನ್ನು ನನ್ನ ಕೈಗಿತ್ತರು.

ಕಣ್ಣೊರೆಸಿಕೊಂಡು ಸಹಿ ಮಾಡಿದೆ. ಪಗಾರವಿಲ್ಲದಿದ್ದರೇನು, ಇಷ್ಟು ಬೇಗ ಬಡ್ತಿ ನಮ್ಮ ಮನೆತನದಲ್ಲಿ ಯಾರಿಗೂ ಸಿಕ್ಕಿಲ್ಲ.