ಮನೆಗೊಂದು ಕರೆ

ನಮ್ಮ ಕಂಪನಿಯ ಹಿರಿಯ ಪರೀಕ್ಷಕರು ಎಲ್ಲರಿಗೂ ದೊಡ್ಡಪ್ಪ. ಒಂದು ಗ್ಯಾರೇಜಿನಲ್ಲಿ ಟೆಲಿಫೋನು ಜೋಡಿಸುತ್ತಿದ್ದ ಕಂಪನಿ ಇಂದು ದೇಶದೇಶಗಳಲ್ಲಿ ಬೇರುಬಿಟ್ಟಿದ್ದರೂ, ಅವರಿಗದು ತಾವೇ ಎತ್ತಾಡಿಸಿದ ಸಂಸಾರ. ಹೊರದೇಶದಲ್ಲಿ ಹೊಸ ಕಚೇರಿ ತೆರೆದರೆ, "ಇನ್ನೊಬ್ಬ ಮಗಳನ್ನ ಕೊಟ್ಟಾಯ್ತು, ಹೇಗ್ ನೋಡ್ಕೊಳ್ತಾರೋ ಏನೋ" ಎಂದು ಕಣ್ಣೊರೆಸಿಕೊಳ್ಳುತ್ತಾರೆ. ಯಂತ್ರಗಳು ಹೊಸ ಫೋನನ್ನು ಎಷ್ಟೇ ಹೊಗಳಲಿ, ಅದರಿಂದ ಮನೆಗೊಂದು ಕರೆ ಮಾಡದೆ ದೊಡ್ಡಪ್ಪ ಮುದ್ರೆ ಒತ್ತುವುದಿಲ್ಲ. "ಕೇಳಿಸ್ತೇನೇ?" "ಕೇಳಿಸ್ತು ಕಣ್ರಿ, ಊಟಕ್ಕೆ ಬೇಗ ಬನ್ನಿ." ಅಷ್ಟಾದರೆ ಫೋನು ಪಾಸು. "ಕಂಪನಿ ಇಷ್ಟು ಬೆಳೆದದ್ದು ನಿಮ್ಮ ದೊಡ್ಡಮ್ಮನ ಕಿವಿಯಿಂದ್ಲೇ" ಎಂದು ಬೀಗುವುದೂ ಉಂಟು. ಮೊನ್ನೆ ಅವರು ಮರೆತುಬಂದ ಕನ್ನಡಕ ತರಲು ನಾನೇ ಅವರ ಮನೆಗೆ ಹೋದೆ. ದೊಡ್ಡಮ್ಮನಿಗೆ ಕಿವಿ ಪೂರ್ತಿ ಹೋಗಿತ್ತು. ಕನ್ನಡಕವನ್ನು ಕೈಸನ್ನೆಯಲ್ಲೇ ಕೇಳಬೇಕಾಯಿತು. ಅಷ್ಟರಲ್ಲಿ ಫೋನಿನ ದೀಪ ಮಿನುಗಿತು. ಅವರು ಸೆರಗು ಸರಿಮಾಡಿಕೊಂಡು ಎತ್ತಿ, ಒಂದು ಕ್ಷಣ ಬಿಟ್ಟು, "ಕೇಳಿಸ್ತು ಕಣ್ರಿ, ಊಟಕ್ಕೆ ಬೇಗ ಬನ್ನಿ" ಎಂದರು. ಮರಳಿ ಬಂದು ಕನ್ನಡಕ ಕೊಡುತ್ತಾ, "ದೊಡ್ಡಪ್ಪಾ, ದೊಡ್ಡಮ್ಮನಿಗೆ..." ಎಂದು ತಡವರಿಸಿದೆ. "ಗೊತ್ತಪ್ಪಾ" ಎಂದು ಅವರು ಮುದ್ರೆ ಒತ್ತಿದರು. "ನನಗೆ ಅವಳ ದನಿ ಕೇಳಿಸ್ತಲ್ಲ, ಇನ್ನು ಈ ಫೋನು ಯಾವ ದೇಶಕ್ಕಾದ್ರೂ ಹೋಗ್ಲಿ."