ಮನೆಯಲ್ಲಿ ಸತ್ತವರಿಗೆ ಮಾತ್ರ ಈ ಓಲಗ

ಬೆಳಗಿನ ಐದೂವರೆ. ಮೇಕ್ಲೋಂಗ್ ನದಿಯ ದಂಡೆಯಲ್ಲಿ ಸವೇಂಗ್ ಅವರ ಮನೆ ಮುಂದೆ ಶಾಮಿಯಾನ ಎದ್ದಿದೆ. ಮನೆಯೊಳಗೆ ಅವರ ಶವಪೆಟ್ಟಿಗೆ. ಹೊರಗೆ ಚಾಪೆಯ ಮೇಲೆ ಎಪ್ಪತ್ತೊಂದರ ಪ್ರಸಾನ್ ಕೂತು, ಓಲಗದ ತಾಳೆಗರಿಯ ನಾಲಗೆಯನ್ನು ಕೆನ್ನೆಯೊಳಗಿಟ್ಟು ನೆನೆಸುತ್ತಿದ್ದಾರೆ. ಪಕ್ಕದಲ್ಲಿ ಅರ್ಧಚಂದ್ರನ ಹಾಗೆ ಎದ್ದು ನಿಂತ ಜಾಗಟೆಗಳ ಚೌಕಟ್ಟು. ನಲವತ್ತೆರಡು ವರ್ಷ ಅದನ್ನು ಬಾರಿಸಿದವರೇ ಈ ಸವೇಂಗ್. ಇಂದು ಆ ಜಾಗದಲ್ಲಿ ಪಕ್ಕದೂರಿನವರೊಬ್ಬರು ಕೂತಿದ್ದಾರೆ. ಪ್ರಸಾನ್ ಆ ಕಡೆ ನೋಡುತ್ತಿಲ್ಲ.

ಇವತ್ತಿನ ಕೆಲಸ ನೋಡಲು ಸಣ್ಣದು. ಪೆಟ್ಟಿಗೆ ಮನೆಯ ಮೆಟ್ಟಿಲಿಳಿದು ಅಂಗಳ ದಾಟುವವರೆಗೆ ಒಂದು ಮಟ್ಟು ನುಡಿಸಬೇಕು. ನಾಲ್ಕು ಸುತ್ತು, ಹನ್ನೆರಡು ನಿಮಿಷ. ನಮ್ಮ ಮೋನ್ ಜನಾಂಗದ ಸುತ್ತಲಿನ ಏಳು ಊರುಗಳಲ್ಲಿ ಅದು ಪೂರ್ತಿ ಬರುವುದು ಇವರೊಬ್ಬರಿಗೇ. ಇವರ ಎದೆಯೋ, ಎರಡು ವರ್ಷದಿಂದ ಸುಯ್ಯೆನ್ನುತ್ತಿದೆ. ಊದುವುದನ್ನು ಬಿಡಿ ಎಂದು ವೈದ್ಯರು ಹೇಳಿಯಾಗಿದೆ.

ಹಾಗಾದರೆ ಬೇಗ ಯಾರಿಗಾದರೂ ಕಲಿಸಿಬಿಡಬಾರದೇ? ತೊಡಕಿರುವುದೇ ಅಲ್ಲಿ. ಹೆಣವಿಲ್ಲದ ಕಡೆ ಈ ಮಟ್ಟು ನುಡಿಸುವಂತಿಲ್ಲ. ನುಡಿಸಿದ ಮನೆಗೆ ಸಾವು ಬರುತ್ತದೆ ಎಂದು ನಮ್ಮವರ ನಂಬಿಕೆ. ಕಲಿಯುವವರಿಗೆ ಒಂದು ಸಾವಿಗೆ ಒಂದೇ ಸುತ್ತು ಬಿಟ್ಟುಕೊಡಬೇಕು. ಅದೂ ಮನೆಯಲ್ಲಿ ಪ್ರಾಣಬಿಟ್ಟವರಿಗೆ ಮಾತ್ರ. ಹೊರಗೆ ಸತ್ತವರನ್ನು ನಾವು ಹೊಸ್ತಿಲೊಳಗೆ ತರುವುದಿಲ್ಲ, ನೇರ ಬೌದ್ಧ ವಿಹಾರಕ್ಕೆ ಒಯ್ಯುತ್ತೇವೆ; ಅಲ್ಲಿ ಊದುವುದು ಬೇರೆ ಮಟ್ಟು. ಈಗ ಎಲ್ಲರೂ ಸಾಯುವುದು ಆಸ್ಪತ್ರೆಯಲ್ಲೇ. ಹೋದ ವರ್ಷ ಪ್ರಸಾನ್ ಹತ್ತೊಂಬತ್ತು ಸಾವಿಗೆ ಊದಿದರು. ಈ ಮಟ್ಟು ನುಡಿಸಿ ಮೆಟ್ಟಿಲಿಳಿಸಿದ್ದು ಒಂದನ್ನು ಮಾತ್ರ.

ಕಲಿಯುತ್ತಿರುವವಳು ಲಮೈ, ಸಂತೆಯಲ್ಲಿ ಅಕ್ಕಿ ಶ್ಯಾವಿಗೆ ಮಾರುವ ನಲವತ್ತನಾಲ್ಕರ ಹೆಂಗಸು. ಮೂರು ವರ್ಷದಲ್ಲಿ ಎರಡು ಸುತ್ತು ಕಲಿತಿದ್ದಾಳೆ. ಫೋನಿನಲ್ಲಿ ಹಿಡಿದಿಟ್ಟುಕೊಳ್ಳಬಾರದೇ ಎಂದು ಕೇಳಿದರೆ ನಗುತ್ತಾಳೆ.

"ಹಿಡ್ಕೊಂಡಿದ್ದೆ ಕಣಣ್ಣ. ಎಲ್ಲಿ ಕೇಳ್ಲಿ? ಮನೇಲಿ ಹಾಕಿದ್ರೆ ನಮ್ಮತ್ತೆ ಫೋನೂ ಹೊಳೆಗೆ, ನಾನೂ ಹೊಳೆಗೆ. ಕಿವೀಲಿ ಸಿಕ್ಸ್ಕೊಂಡು ಸಂತೇಲಿ ಕೇಳಿದೆ. ಆದ್ರೆ ಕಿವಿಗೆ ಬಂದಿದ್ದು ಬೆರಳಿಗೆ ಬರ್ಬೇಕಲ್ಲ!"

ಪ್ರಸಾನ್ ಹನ್ನೊಂದನೇ ವಯಸ್ಸಿಗೆ ಸಾವಿನ ವಾದ್ಯಮೇಳ ಸೇರಿದರು. ಮದುವೆಗೆ ಈ ಮೇಳವನ್ನು ಯಾರೂ ಕರೆಯುವುದಿಲ್ಲ. ಸಾವಿನ ಓಲಗದವನಿಗೆ ಹೆಣ್ಣು ಕೊಡಲೂ ಯಾರೂ ಮುಂದಾಗಲಿಲ್ಲ. ಈಗಂತೂ ಅವರು ಬೀದಿಗಿಳಿದರೆ ಸಾಕು, ಎಲುಬಿಲ್ಲದ ನಾಲಗೆಗಳು ಶುರುವಾಗುತ್ತವೆ: "ಏನ್ ಪ್ರಸಾನಣ್ಣ, ಯಾರ ಮನೆ ಮೆಟ್ಲು ಎಣಿಸೋಕೆ ಹೊರಟೆ?" ಸುಳ್ಳೇಕೆ ಹೇಳಲಿ, ಕೇಳಿ ನಕ್ಕವರಲ್ಲಿ ನಾನೂ ಒಬ್ಬ.

ಈ ಮಾತು ಶುರುವಾದಾಗಿನಿಂದ ಅವರು ಕಾಯಿಲೆಯವರ ಮನೆಗೆ ಕಾಲಿಡುವುದನ್ನೇ ಬಿಟ್ಟಿದ್ದಾರೆ. ಚಹಾದಂಗಡಿಯಲ್ಲೂ ಮೂಲೆಯ ಬೆಂಚು. ಕೆಮ್ಮುವ ಮುದುಕರು ಇವರನ್ನು ಕಂಡರೆ ಕೆಮ್ಮು ನುಂಗಿಕೊಳ್ಳುತ್ತಾರೆ.

"ತಪ್ಪು ಅವರದ್ದಲ್ಲ," ಎನ್ನುತ್ತಾರೆ ಪ್ರಸಾನ್. "ಯಾರಾದ್ರೂ ಹಾಸಿಗೆ ಹಿಡಿದ್ರು ಅಂದ್ರೆ ನನ್ನ ತಲೇಲಿ ಮೊದಲು ಬರೋದೇ, ಮನೇಲಿದಾರಾ ಆಸ್ಪತ್ರೇಲಿದಾರಾ ಅಂತ. ಥೂ! ಮನುಷ್ಯ ಅನ್ನಿಸ್ಕೊಂಡವನು ಯೋಚಿಸೋ ಮಾತಾ ಇದು?"

ಸವೇಂಗ್ ಕೂಡ ಆಸ್ಪತ್ರೆಯಲ್ಲೇ ಇದ್ದವರು. ಕಳೆದ ವಾರ ಮಗಳ ಕೈ ಹಿಡಿದು, ಮನೆಗೆ ಕರೆದುಕೊಂಡು ಹೋಗು ಎಂದು ಹಟಕ್ಕೆ ಬಿದ್ದರು. ಮಗಳು ಅತ್ತಳು, ವೈದ್ಯರು ಗದರಿದರು. ಮುದುಕ ಜಗ್ಗಲಿಲ್ಲ.

"ಅಪ್ಪ ಹೇಳಿದ್ದು ಇಷ್ಟೇ," ಎನ್ನುತ್ತಾಳೆ ಮಗಳು. "'ಲಮೈಗೆ ಮೂರನೇ ಸುತ್ತು ಬಾಕಿ ಐತೆ. ನಾನಿಲ್ಲಿ ಸತ್ರೆ ದಂಡ.' ಮನೇಲಿ ಆರು ದಿನ ಇದ್ರು. ದಿನಾ ಬಾಗಿಲು ನೋಡೋರು, ಪ್ರಸಾನ್ ಮಾವ ಬರ್ತಾರೆ ಅಂತ."

ಪ್ರಸಾನ್ ಹೋಗಲಿಲ್ಲ. ಅವರ ಮನೆಯಿಂದ ಇಲ್ಲಿಗೆ ನೂರು ಹೆಜ್ಜೆಯೂ ಇಲ್ಲ.

"ಹೋದ್ರೆ ಜನ ಏನಂತಾರೆ, ಅವನೇ ಏನಂದ್ಕೊತಾನೆ ಅಂತ ಹೆದರಿದೆ. ಅವನು ಮನೆಗೆ ಬಂದಿದ್ದೇ ನನಗೋಸ್ಕರ ಅಂತ ಯಾರೂ ಹೇಳ್ಲಿಲ್ಲ. ಹೇಳೋಕೆ ನನ್ನ ಹತ್ರ ಯಾರು ಬರ್ತಾರೆ?" ಕೆನ್ನೆಯಿಂದ ನಾಲಗೆ ತೆಗೆದು ಓಲಗಕ್ಕೆ ಸಿಕ್ಕಿಸುತ್ತಾರೆ. ಅದು ಎರಡು ಸಲ ಜಾರುತ್ತದೆ.

ಆರೂವರೆಗೆ ಪೆಟ್ಟಿಗೆ ಏಳುತ್ತದೆ. ಮೊದಲೆರಡು ಸುತ್ತು ಪ್ರಸಾನ್ ಊದುತ್ತಾರೆ. ಕೊರಳ ನರ ಹುರಿಗಟ್ಟುತ್ತವೆ. ಮಧ್ಯದ ಮೆಟ್ಟಿಲಿಗೆ ಬಂದಾಗ ಓಲಗ ಲಮೈ ಕೈಗೆ ಹೋಗುತ್ತದೆ. ಅವಳ ಉಸಿರು ಒಮ್ಮೆ ಮುರಿಯುತ್ತದೆ. ಹೊತ್ತವರು ಕಾಲು ಎತ್ತಿದಲ್ಲೇ ನಿಲ್ಲುತ್ತಾರೆ, ಓಲಗ ನಿಂತರೆ ಪೆಟ್ಟಿಗೆಯೂ ಇಳಿಯುವಂತಿಲ್ಲ. ಗುರು ಬಾಯಿಬಿಟ್ಟು ತಿದ್ದುವಂತಿಲ್ಲ. ಅವರ ಬೆರಳು ಮಾತ್ರ ಮಂಡಿಯ ಮೇಲೆ ಆಡುತ್ತದೆ. ಲಮೈ ಅದನ್ನು ನೋಡಿ ಎತ್ತಿಕೊಳ್ಳುತ್ತಾಳೆ. ಮುಂದೆ ಎಲ್ಲೂ ತಪ್ಪುವುದಿಲ್ಲ. ಕೊನೆಯ ಸುತ್ತು ಮತ್ತೆ ಪ್ರಸಾನ್ ಅವರದು. ಅಷ್ಟರಲ್ಲಿ ಅವರಿಗೆ ದಮ್ಮು ಕಟ್ಟಿದೆ, ಆದರೂ ಅಂಗಳ ದಾಟಿಸುತ್ತಾರೆ.

ಜನ ಪೆಟ್ಟಿಗೆಯ ಹಿಂದೆ ಹೊರಟಿದ್ದಾರೆ. ಪ್ರಸಾನ್ ಚಾಪೆ ಸುತ್ತುತ್ತಿದ್ದಾರೆ.

"ಹೆಂಗಾಯ್ತು ಗುರುಗಳೇ?" ಎಂದು ಲಮೈ ಕೇಳುತ್ತಾಳೆ.

"ಸವೇಂಗ್ ಇದ್ದಿದ್ರೆ ಬೈತಿರ್ಲಿಲ್ಲ," ಎನ್ನುತ್ತಾರೆ ಅವರು. ಅವಳು ಮೂಗು ಒರೆಸಿಕೊಂಡು ಜನರ ಹಿಂದೆ ಓಡುತ್ತಾಳೆ.

ಉಳಿದವರು ನಾವಿಬ್ಬರು. ಇನ್ನೇನು ಆಸೆ ಇದೆ ಎಂದು ಕೇಳುತ್ತೇನೆ. ಕೇಳಬಾರದಿತ್ತು.

"ನನ್ನನ್ನ ಮೆಟ್ಟಿಲಿಳಿಸೋವಾಗ ಅವಳು ನಾಲ್ಕೂ ಸುತ್ತು ಊದಬೇಕು. ಅಷ್ಟೇ ಕಣಪ್ಪ. ಆದ್ರೆ ನಾಲ್ಕನೇದು ಕಲಿಸ್ಬೇಕು ಅಂದ್ರೆ ನನಗಿಂತ ಮುಂಚೆ ಇನ್ನೊಬ್ರು ಮನೇಲಿ ಸಾಯ್ಬೇಕು. ಬುದ್ಧನ ಮುಂದೆ ಕೂತ್ಕೊಂಡು ಇದನ್ನ ಹೆಂಗೆ ಬೇಡ್ಕೊಳ್ಳಲಿ, ನೀನೇ ಹೇಳು? ಊದುಬತ್ತಿ ಹಚ್ತೀನಿ, ಏನೂ ಕೇಳ್ದೆ ಎದ್ದು ಬರ್ತೀನಿ."