ಮೇಷ್ಟ್ರು ಒಂದೇ ಸಲ ಆಡಿದ ಮಾತು

ಕೊಳ್ಳೇಗಾಲದ ನಮ್ಮ ಕನ್ನಡ ಮೇಷ್ಟ್ರು, ಯಾರು ಎಷ್ಟು ಚೆನ್ನಾಗಿ ಬರೆದರೂ ಕನ್ನಡಕ ಒರೆಸಿಕೊಂಡು ‘ಪರವಾಗಿಲ್ಲ’ ಎನ್ನುತ್ತಿದ್ದರು. ಅವರು ‘ಪ್ರತಿಭೆ’ ಎಂದದ್ದು, ನನ್ನ ದಿನಚರಿಯ ಪ್ರಕಾರ, ೧೯೬೪ರಲ್ಲಿ ಒಂದೇ ಸಲ. ರೇಷ್ಮೆ ನೇಯುವವರ ಮನೆಯ ಹುಡುಗಿಯೊಬ್ಬಳ ಪದ್ಯ ಓದಿ. ಮರುದಿನವೇ ಅವಳಪ್ಪ ಶಾಲೆಗೆ ಬಂದ.

“ಪ್ರತಿಭೆ ಅಂದ್ರೇನು ಸಾ?”

“ಯಾರೂ ಹೇಳಿಕೊಡದೆ ಹೊಸದನ್ನ ಕಾಣೋ ಶಕ್ತಿ ಕಣಪ್ಪ. ಚೆನ್ನಾಗಿ ಓದಿಸು.”

“ಅಂಗಾರೆ ಮಗ್ಗಕ್ಕೇ ಬೇಕು ಸಾ. ಸೀರೆ ಅಂಚಿಗೆ ಹೊಸ ಹೂವ ಹುಟ್ಟಿಸೋರೇ ಇಲ್ಲ ನಮ್ಮನೇಲಿ.”

ಮೇಷ್ಟ್ರು ಬೇಡಿಕೊಂಡರೂ ಕೇಳದೆ ಅವನು ಅಂದೇ ಮಗಳನ್ನು ಶಾಲೆ ಬಿಡಿಸಿದ.

ಮುಂದಿನ ವರ್ಷ ಅವಳ ತಂಗಿಯೂ ಒಂದು ಪದ್ಯ ಬರೆದು ತಂದಳು. ಮೇಷ್ಟ್ರು ಅದನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

“ಪರವಾಗಿಲ್ಲ ಕಣವ್ವ. ಮನೇಲಿ ಕೇಳಿದ್ರೂ ಅಷ್ಟೇ ಹೇಳು.”